ಹೊಸ ಪಿಕಪ್ ಕೊಳ್ಳುವ ಮುನ್ನ ಒಂದು ಲೆಕ್ಕ



ಬೆಳಗಿನ ಹಾಲು ಅಳೆದು ಮುಗಿದ ಮೇಲೆ ಸಂಘದ ಕಟ್ಟೆಯ ಮೇಲೆ ನಡೆಯುವ ಮಾತುಕತೆ ನಿಮಗೆ ಗೊತ್ತೇ ಇದೆ. ಹಿಂದೆ ಅಲ್ಲಿ ಮಳೆ, ಬೆಳೆ, ಹಸುವಿನ ಗಬ್ಬ, ಹಿಂಡಿಯ ಬೆಲೆ ಇವುಗಳ ಮಾತೇ ಹೆಚ್ಚಾಗಿರುತ್ತಿತ್ತು. ಈಗ ಇನ್ನೊಂದು ಮಾತು ಸೇರಿಕೊಂಡಿದೆ. ಮನೆಯ ಮಗ ಪಿಕಪ್ ಗಾಡಿ ಬೇಕೆನ್ನುತ್ತಾನೆ. ಹುಲ್ಲು ತರಲು, ಪಶು ಆಹಾರದ ಮೂಟೆ ಸಾಗಿಸಲು, ತರಕಾರಿಯನ್ನು ಮಾರುಕಟ್ಟೆಗೆ ಹಾಕಲು, ಉಳಿದ ಹೊತ್ತು ಬಾಡಿಗೆಗೆ ಓಡಿಸಲು ಎಂದು ಕಾರಣಗಳನ್ನೂ ಕೊಡುತ್ತಾನೆ. 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಇಳಿದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂದಿದೆ.

ಗಾಡಿ ಕೊಳ್ಳಬೇಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕೆಲಸವಿರುವ ಮನೆಗೆ ಗಾಡಿ ನಿಜಕ್ಕೂ ಆಸರೆ. ಆದರೆ ಗಾಡಿಯ ಕಂತಿಗೆ ಒಪ್ಪಿಗೆ ಕೊಡುವ ಮುನ್ನ, ಆ ಕಂತನ್ನು ಕಟ್ಟುವವರು ಯಾರು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಬಹಳಷ್ಟು ಮನೆಗಳಲ್ಲಿ ಅದನ್ನು ಕಟ್ಟುವುದು ಕೊಟ್ಟಿಗೆಯಲ್ಲಿರುವ ಹಸು. ಆದ್ದರಿಂದ ಬೆಲೆ ಏಕೆ ಏರಿತು, ಷೋರೂಂ ಬೆಲೆಗೂ ಮನೆ ಬಾಗಿಲಿಗೆ ಬರುವ ಬೆಲೆಗೂ ಅಂತರವೇನು, ಬಡ್ಡಿಯ ಲೆಕ್ಕ ಹೇಗೆ, ತಿಂಗಳಿಗೆ ಎಷ್ಟು ಓಡಾಟವಿದ್ದರೆ ಗಾಡಿ ತನ್ನ ಖರ್ಚನ್ನು ತಾನೇ ದುಡಿಯುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ. ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ.

1. ಅಂದಿನ ಬೆಲೆ, ಇಂದಿನ ಬೆಲೆ

2005ರ ಮೇ ತಿಂಗಳಿನಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದಾಗ ಅದರ ಬೆಲೆ ಸುಮಾರು 2 ಲಕ್ಷ 25 ಸಾವಿರ ರೂಪಾಯಿ ಇತ್ತು. ಮೂರು ಚಕ್ರದ ಗಾಡಿ ಓಡಿಸುತ್ತಿದ್ದವರು ನಾಲ್ಕು ಚಕ್ರಕ್ಕೆ ಬಂದದ್ದು ಆಗಲೇ. ಇಪ್ಪತ್ತು ವರ್ಷಗಳ ನಂತರ, 2025ರ ಜೂನ್‌ನಲ್ಲಿ ಅದೇ ಸಾಲಿನ ಚಿಕ್ಕ ಗಾಡಿ ಏಸ್ ಪ್ರೋ ಬಂದಾಗ ಪೆಟ್ರೋಲ್ ಮಾದರಿಯ ಆರಂಭಿಕ ಷೋರೂಂ ಬೆಲೆ 3 ಲಕ್ಷ 99 ಸಾವಿರ ರೂಪಾಯಿ. ಇದು ಚಿಕ್ಕ ಗಾಡಿಯ ಮಾತಾಯಿತು. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ, ಒಂದು ಟನ್ನಿಗಿಂತ ಹೆಚ್ಚು ಭಾರ ಹೊರುವ ಡೀಸೆಲ್ ಪಿಕಪ್‌ಗಳಿಗೆ ಇದರ ಎರಡರಷ್ಟು, ಕೆಲವು ಮಾದರಿಗಳಿಗೆ ಅದಕ್ಕೂ ಹೆಚ್ಚು ಹಣ ತೆರಬೇಕು.

ಕಾಲ ಕಳೆದಂತೆ ಎಲ್ಲದರ ಬೆಲೆಯೂ ಏರುತ್ತದೆ, ಹಾಲಿನ ಬೆಲೆಯೂ ಏರಿದೆ, ನಿಜ. ಆದ್ದರಿಂದ ಗಾಡಿಯ ಬೆಲೆಯನ್ನು ರೂಪಾಯಿಯಲ್ಲಿ ಅಳೆಯುವುದಕ್ಕಿಂತ ನಮ್ಮದೇ ಅಳತೆಯಲ್ಲಿ, ಅಂದರೆ ಲೀಟರಿನಲ್ಲಿ ಅಳೆದು ನೋಡುವುದು ಒಳ್ಳೆಯದು. ಅದನ್ನು ಮುಂದೆ ಮಾಡೋಣ.

2. ಬೆಲೆ ಏರಲು ಕಾರಣಗಳು

(ಅ) ಹೊಗೆಯ ನಿಯಮಗಳು: ಗಾಡಿ ಬಿಡುವ ಹೊಗೆಗೆ ಸರ್ಕಾರ ಮಿತಿ ಹಾಕಿದೆ. ಇದನ್ನು ಭಾರತ್ ಸ್ಟೇಜ್ ಅಥವಾ ಚಿಕ್ಕದಾಗಿ ಬಿ.ಎಸ್. ಎನ್ನುತ್ತಾರೆ. 2017ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿ.ಎಸ್. 4 ಜಾರಿಗೆ ಬಂತು. ನಂತರ 5ನೆಯ ಹಂತವನ್ನು ಬಿಟ್ಟು, 2020ರ ಏಪ್ರಿಲ್ 1ರಿಂದ ನೇರವಾಗಿ ಬಿ.ಎಸ್. 6ಕ್ಕೆ ಹೋಗಲಾಯಿತು. 2023ರ ಏಪ್ರಿಲ್‌ನಿಂದ ಅದರ ಎರಡನೆಯ ಹಂತ ಬಂದು, ಗಾಡಿ ರಸ್ತೆಯಲ್ಲಿ ಓಡುವಾಗಲೂ ಹೊಗೆ ಮಿತಿಯಲ್ಲಿರಬೇಕೆಂಬ ನಿಯಮ ಸೇರಿತು. ಡೀಸೆಲ್‌ನಲ್ಲಿರುವ ಗಂಧಕದ ಮಿತಿಯನ್ನು ಹತ್ತು ಲಕ್ಷ ಭಾಗಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಸಲಾಯಿತು. ಊರಿನ ಗಾಳಿಗೆ ಇದು ಒಳ್ಳೆಯದೇ. ಆದರೆ ಹಳೆಯ ಡೀಸೆಲ್ ಎಂಜಿನ್ನಿಗೆ ಬೇಕಿರದಿದ್ದ ಹೊಗೆ ಶುದ್ಧೀಕರಣದ ಸಾಮಗ್ರಿ, ಮಸಿ ಹಿಡಿಯುವ ಜರಡಿ, ಸೆನ್ಸರ್‌ಗಳು, ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ ಇವೆಲ್ಲ ಹೊಸ ಗಾಡಿಗೆ ಸೇರಿದವು. ಬೆಲೆಯೂ ಸೇರಿತು.

(ಆ) ಲೋಹಗಳು ಮತ್ತು ಚಿಪ್ಪುಗಳು: ಹೊಗೆ ಶುದ್ಧಮಾಡುವ ಸಾಮಗ್ರಿಯಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಅಪರೂಪದ ಲೋಹಗಳಿರುತ್ತವೆ. 2021ರಲ್ಲಿ ಪಲ್ಲೇಡಿಯಂ ಮತ್ತು ರೋಡಿಯಂ ಬೆಲೆ ಬಹಳ ಮೇಲೆ ಹೋಯಿತು. ಅದೇ ವರ್ಷ ಉಕ್ಕಿನ ಬೆಲೆಯೂ ಏರಿತು. ಕೊರೋನಾ ನಂತರ ಎಲೆಕ್ಟ್ರಾನಿಕ್ ಚಿಪ್ಪುಗಳ ಅಭಾವ ಉಂಟಾಗಿ ಗಾಡಿಗಳ ತಯಾರಿಕೆಯೇ ಕುಂಠಿತವಾಯಿತು. ಆಗ ಕಂಪನಿಗಳು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬೆಲೆ ಏರಿಸಿದವು. ಆ ಲೋಹಗಳ ಬೆಲೆ ಮುಂದೆ ಇಳಿದರೂ ಏರಿದ ಗಾಡಿ ಬೆಲೆ ಹಿಂದಿನ ಮಟ್ಟಕ್ಕೆ ಇಳಿಯಲಿಲ್ಲ.

(ಇ) ತೆರಿಗೆ: 2017ರ ಜುಲೈ 1ರಿಂದ ಸರಕು ಸಾಗಣೆ ವಾಹನಗಳಿಗೆ ಶೇ. 28 ಜಿ.ಎಸ್.ಟಿ. ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ಕ್ಕೆ ಇಳಿಯಿತು. ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ತೆರಿಗೆ ಹತ್ತು ಇಳಿದರೆ ಗಾಡಿಯ ಬೆಲೆಯೂ ನೂರಕ್ಕೆ ಹತ್ತು ಇಳಿಯಿತೆಂದು ಕೆಲವರು ಲೆಕ್ಕ ಹಾಕುತ್ತಾರೆ. ತೆರಿಗೆಗೆ ಮೊದಲು 7,00,000 ರೂ. ಇರುವ ಗಾಡಿಯನ್ನು ತೆಗೆದುಕೊಳ್ಳಿ. ಶೇ. 28 ಸೇರಿದರೆ 8,96,000 ರೂ.; ಶೇ. 18 ಸೇರಿದರೆ 8,26,000 ರೂ. ಉಳಿತಾಯ 70,000 ರೂ., ಅಂದರೆ ಹಿಂದಿನ ಬೆಲೆಯ ನೂರಕ್ಕೆ ಎಂಟಕ್ಕಿಂತ ಸ್ವಲ್ಪ ಕಡಿಮೆ. ಎಪ್ಪತ್ತು ಸಾವಿರ ಚಿಕ್ಕ ಹಣವೇನಲ್ಲ. ಆದರೆ ಸಾಲದ ಬಡ್ಡಿಯ ಲೆಕ್ಕ ಸರಿಯಾಗಿ ನೋಡದಿದ್ದರೆ ಇದಕ್ಕಿಂತ ಹೆಚ್ಚಿನ ಹಣ ಅಲ್ಲಿಯೇ ಹೋಗುತ್ತದೆ ಎಂಬುದನ್ನು ಮುಂದೆ ನೋಡುತ್ತೀರಿ.

(ಈ) ಬಡ್ಡಿ: ರಿಸರ್ವ್ ಬ್ಯಾಂಕಿನ ರೆಪೊ ದರ 2020ರ ಮೇ ತಿಂಗಳಲ್ಲಿ ಶೇ. 4ಕ್ಕೆ ಇಳಿದಿತ್ತು. 2022ರ ಮೇ ತಿಂಗಳಿನಿಂದ ಏರುತ್ತಾ 2023ರ ಫೆಬ್ರವರಿಯಲ್ಲಿ ಶೇ. 6.5 ಆಯಿತು. 2025ರಲ್ಲಿ ಹಂತ ಹಂತವಾಗಿ ಇಳಿದು ಡಿಸೆಂಬರ್‌ನಲ್ಲಿ ಶೇ. 5.25ಕ್ಕೆ ಬಂತು. ಗಾಡಿ ಸಾಲದ ಬಡ್ಡಿ ಇದಕ್ಕಿಂತ ಸಾಕಷ್ಟು ಮೇಲಿರುತ್ತದೆ. ಆದರೂ ಏರಿಳಿತದ ದಿಕ್ಕು ಇದನ್ನೇ ಅನುಸರಿಸುತ್ತದೆ.

(ಉ) ಇಂಧನ: ಇದು ಕೊಳ್ಳುವ ಬೆಲೆಯಲ್ಲ, ಓಡಿಸುವ ಬೆಲೆ. 2025ರ ಏಪ್ರಿಲ್ 1ರಂದು ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 21.17 ಆಗಿ, ಲೀಟರಿಗೆ ಸುಮಾರು 2 ರೂ. ಹೆಚ್ಚಾಯಿತು. ಅದೇ ದಿನ ನಂದಿನಿ ಹಾಲಿನ ಮಾರಾಟ ಬೆಲೆಯೂ ಲೀಟರಿಗೆ 4 ರೂ. ಏರಿದ್ದು ನಿಮಗೆ ನೆನಪಿರಬಹುದು. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗದಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ.

3. ಷೋರೂಂ ಬೆಲೆಯೇ ಪೂರ್ತಿ ಬೆಲೆಯಲ್ಲ

ಜಾಹೀರಾತಿನಲ್ಲಿ ಕಾಣುವುದು ಷೋರೂಂ ಬೆಲೆ. ಅದರ ಮೇಲೆ ರಸ್ತೆ ತೆರಿಗೆ, ನೋಂದಣಿ, ವಿಮೆ, ಸಾಲವಿದ್ದರೆ ಅದರ ನಮೂದು, ಹಿಂಬದಿಯ ಡಬ್ಬಕ್ಕೆ ಎತ್ತರದ ಜಾಲರಿ, ಟಾರ್ಪಾಲು, ಹಗ್ಗ ಎಲ್ಲ ಸೇರುತ್ತವೆ.

ಇವುಗಳಲ್ಲಿ ವಿಮೆಯನ್ನು ವಿಶೇಷವಾಗಿ ಗಮನಿಸಬೇಕು. ಒಟ್ಟು ತೂಕ 7,500 ಕೆ.ಜಿ. ಮೀರದ ಬಾಡಿಗೆ ಸರಕು ವಾಹನಕ್ಕೆ ಮೂರನೆಯವರ ಹಾನಿಯ ವಿಮೆಯ ವಾರ್ಷಿಕ ಕಂತನ್ನು 2022ರ ಜೂನ್ 1ರಿಂದ 16,049 ರೂ. ಎಂದು ನಿಗದಿ ಮಾಡಲಾಯಿತು. ಇದರ ಮೇಲೆ ತೆರಿಗೆ ಬೇರೆ, ನಮ್ಮ ಗಾಡಿಗೇ ಆಗುವ ಹಾನಿಯ ವಿಮೆ ಬೇರೆ. ಸ್ವಂತ ಕಾರು ಕೊಂಡವರು ಮೊದಲಿಗೇ ಮೂರು ವರ್ಷದ ಈ ವಿಮೆ ಕಟ್ಟಿಬಿಡುತ್ತಾರೆ. ಸರಕು ಗಾಡಿಗೆ ಪ್ರತಿ ವರ್ಷವೂ ಕಟ್ಟಬೇಕು. ಮೊದಲ ವರ್ಷ ಸಾಲದಲ್ಲಿಯೇ ಸೇರಿಹೋಗುವುದರಿಂದ ಭಾರ ತಿಳಿಯುವುದಿಲ್ಲ. ಎರಡನೆಯ ವರ್ಷ ಅದೇ ತಿಂಗಳಿನಲ್ಲಿ ಕೈಯಿಂದ ಹಣ ಹೊರಡಬೇಕಾಗುತ್ತದೆ.

ಆದ್ದರಿಂದ ಷೋರೂಂನಲ್ಲಿ ‘ರಸ್ತೆಗಿಳಿಯುವ ಪೂರ್ತಿ ಬೆಲೆ ಎಷ್ಟು?’ ಎಂದು ಕೇಳಿ, ಪ್ರತಿ ಬಾಬ್ತನ್ನೂ ಬೇರೆ ಬೇರೆಯಾಗಿ ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಯಿ ಮಾತಿನ ಬೆಲೆಗೆ ಮುಂಗಡ ಕೊಡಬೇಡಿ. ಕನಿಷ್ಠ ಎರಡು ಕಡೆ ವಿಚಾರಿಸಿ. ವಿಮೆಯನ್ನು ಅಲ್ಲಿಯೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ.

4. ಎರಡು ಬಗೆಯ ಬಡ್ಡಿ

ಈ ಪಾಠದಲ್ಲಿ ಬಹು ಮುಖ್ಯವಾದ ಭಾಗ ಇದು. ದಯವಿಟ್ಟು ನಿಧಾನವಾಗಿ ಓದಿ.

ಒಬ್ಬರು ಶೇ. 9ರ ಬಡ್ಡಿಗೆ ಸಾಲ ಕೊಡುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು ಶೇ. 10 ಎನ್ನುತ್ತಾರೆ. ಯಾವುದು ಅಗ್ಗ? ಒಂಬತ್ತು ಎಂದು ತಕ್ಷಣ ಹೇಳಿಬಿಡುತ್ತೇವೆ. ಆದರೆ ಮೊದಲನೆಯದು ಫ್ಲಾಟ್ ದರವಾಗಿದ್ದು, ಎರಡನೆಯದು ಇಳಿಕೆ ಬಾಕಿಯ ಮೇಲಿನ ದರವಾಗಿದ್ದರೆ ಉತ್ತರ ತಲೆಕೆಳಗಾಗುತ್ತದೆ.

ಫ್ಲಾಟ್ ದರದಲ್ಲಿ ನೀವು ಅಸಲು ತೀರಿಸುತ್ತಾ ಬಂದರೂ, ಕೊನೆಯ ತಿಂಗಳವರೆಗೆ ಪೂರ್ತಿ ಸಾಲದ ಮೇಲೆಯೇ ಬಡ್ಡಿ. ಇಳಿಕೆ ದರದಲ್ಲಿ ಉಳಿದಿರುವ ಬಾಕಿಗೆ ಮಾತ್ರ ಬಡ್ಡಿ. ಸಾಲ 6,00,000 ರೂ., ಅವಧಿ 5 ವರ್ಷ, ಅಂದರೆ 60 ಕಂತು ಎಂದಿಟ್ಟುಕೊಂಡು ಎರಡನ್ನೂ ಹೋಲಿಸೋಣ.

ಫ್ಲಾಟ್ ಶೇ. 9: ವರ್ಷಕ್ಕೆ ಬಡ್ಡಿ 54,000 ರೂ.; ಐದು ವರ್ಷಕ್ಕೆ 2,70,000 ರೂ. ಕಟ್ಟುವ ಒಟ್ಟು ಹಣ 8,70,000 ರೂ. ತಿಂಗಳ ಕಂತು 14,500 ರೂ.

ಇಳಿಕೆ ಶೇ. 10: ತಿಂಗಳ ಕಂತು ಸುಮಾರು 12,750 ರೂ. ಕಟ್ಟುವ ಒಟ್ಟು ಹಣ 7,65,000 ರೂ. ಬಡ್ಡಿ 1,65,000 ರೂ.

‘ಕಡಿಮೆ’ ಎಂದು ಕಂಡ ಒಂಬತ್ತರ ಸಾಲಕ್ಕೆ 1,05,000 ರೂ. ಹೆಚ್ಚು ಕಟ್ಟಬೇಕಾಯಿತು. ಆ ಫ್ಲಾಟ್ ಒಂಬತ್ತನ್ನು ಇಳಿಕೆ ದರಕ್ಕೆ ಪರಿವರ್ತಿಸಿದರೆ ಅದು ಶೇ. 15.7ರಷ್ಟಾಗುತ್ತದೆ. ತೆರಿಗೆ ಇಳಿದು ಉಳಿದ 70,000 ರೂ. ಇಲ್ಲಿಯೇ ಕರಗಿಹೋಯಿತು, ಅದರ ಮೇಲೆ 35,000 ರೂ. ಕೈಯಿಂದಲೂ ಹೋಯಿತು.

ಆದ್ದರಿಂದ ಸಾಲ ಕೊಡುವವರನ್ನು ಮೂರು ಪ್ರಶ್ನೆ ಕೇಳಿ. ದರ ಫ್ಲಾಟೋ ಇಳಿಕೆಯೋ? 60 ಕಂತು ಸೇರಿ ಒಟ್ಟು ಎಷ್ಟು ಕಟ್ಟಬೇಕು? ಅವಧಿಗೆ ಮುನ್ನ ತೀರಿಸಿದರೆ ದಂಡವೆಷ್ಟು? ಎರಡನೆಯ ಪ್ರಶ್ನೆಯ ಉತ್ತರವನ್ನು ಬರೆಸಿಕೊಂಡರೆ ಯಾವ ದರದ ಮಾತೂ ನಿಮ್ಮನ್ನು ಮೋಸಗೊಳಿಸಲಾರದು.

5. ಹಾಲಿನ ಲೆಕ್ಕದಲ್ಲಿ ಗಾಡಿ

ಐದು ಮಿಶ್ರತಳಿ ಹಸುಗಳಿರುವ ಒಬ್ಬ ಸದಸ್ಯರ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಮನೆಯ ಅಂಕಿಗಳನ್ನು ಹಾಕಿಕೊಂಡು ನೀವೇ ಮಾಡಿ ನೋಡಬೇಕು.

ವರ್ಷದ ಸರಾಸರಿ ದಿನಕ್ಕೆ 40 ಲೀಟರ್, ಲೀಟರಿಗೆ 35 ರೂ. ಎಂದರೆ ದಿನಕ್ಕೆ 1,400 ರೂ., ತಿಂಗಳಿಗೆ 42,000 ರೂ. ಇದರಲ್ಲಿ ಪಶು ಆಹಾರ, ಮೇವು, ಔಷಧ, ಕೂಲಿ ಇತ್ಯಾದಿಗೆ ನೂರಕ್ಕೆ ಎಪ್ಪತ್ತು ಹೋದರೆ ಮನೆಗೆ ಉಳಿಯುವುದು 12,600 ರೂ. ಲೀಟರಿಗೆ ಹತ್ತೂವರೆ ರೂಪಾಯಿ.

ಈ ಸದಸ್ಯರು ರಸ್ತೆಗಿಳಿಯುವ ಬೆಲೆ 8,50,000 ರೂ. ಇರುವ ಪಿಕಪ್ ಕೊಳ್ಳುತ್ತಾರೆ. 2,50,000 ರೂ. ಕೈಯಿಂದ, 6,00,000 ರೂ. ಸಾಲ. ತಿಂಗಳ ಖರ್ಚು ಹೀಗಾಗುತ್ತದೆ:

ಸಾಲದ ಕಂತು (ಇಳಿಕೆ ದರದಲ್ಲಿ): 12,750 ರೂ.
ವಿಮೆ (ವರ್ಷಕ್ಕೆ 30,000 ರೂ. ಎಂದು): 2,500 ರೂ.
ಸರ್ವಿಸ್, ಟೈರು, ರಿಪೇರಿ: 2,500 ರೂ.
ಯೋಗ್ಯತಾ ಪತ್ರ, ಹೊಗೆ ತಪಾಸಣೆ ಇತ್ಯಾದಿ: 250 ರೂ.
ಒಟ್ಟು: 18,000 ರೂ.

ಅಂದರೆ ಗಾಡಿ ಮನೆ ಮುಂದೆ ಸುಮ್ಮನೆ ನಿಂತಿದ್ದರೂ ದಿನಕ್ಕೆ ಸುಮಾರು 600 ರೂ. ಡೀಸೆಲ್ ಇನ್ನೂ ಹಾಕಿಲ್ಲ. ಹಾಲಿನಿಂದ ಉಳಿಯುವ 12,600 ರೂ. ಪೂರ್ತಿ ಕೊಟ್ಟರೂ 5,400 ರೂ. ಸಾಲದು. ದಿನದ 600 ರೂಪಾಯಿಯನ್ನು ಹಾಲಿನಿಂದಲೇ ಹೊಂದಿಸಬೇಕಾದರೆ 57 ಲೀಟರ್ ಹಾಲು ಬೇಕು. ಇಡೀ ಗಾಡಿಯ ಬೆಲೆಯನ್ನು ಹತ್ತೂವರೆ ರೂಪಾಯಿಯಿಂದ ಭಾಗಿಸಿದರೆ ಸುಮಾರು 81,000 ಲೀಟರ್. ಐದೂ ಹಸುಗಳ ಹಾಲಿನ ಉಳಿಕೆ ಐದೂವರೆ ವರ್ಷ ಒಂದು ಪೈಸೆಯೂ ಮನೆಗೆ ಬಾರದೆ ಗಾಡಿಗೇ ಹೋಗಬೇಕು.

‘ಐದು ವರ್ಷದ ನಂತರ ಗಾಡಿ ನಮ್ಮದೇ ಅಲ್ಲವೇ, ಮಾರಿದರೆ ಹಣ ಬರುತ್ತದಲ್ಲ’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಐದು ವರ್ಷದ ಗಾಡಿಗೆ 3,50,000 ರೂ. ಬಂತು ಎನ್ನೋಣ. ಆದರೆ ಮೊದಲ ದಿನ ಕೈಯಿಂದ ಹಾಕಿದ 2,50,000 ರೂ. ಶೇ. 7ರ ಠೇವಣಿಯಲ್ಲಿ ಇದ್ದಿದ್ದರೆ ಅದೂ ಐದು ವರ್ಷಕ್ಕೆ ಸುಮಾರು 3,50,000 ರೂ. ಆಗುತ್ತಿತ್ತು. ಒಂದಕ್ಕೊಂದು ಸರಿಹೋಯಿತು. ತಿಂಗಳ 18,000 ರೂ. ಖರ್ಚು ಖರ್ಚಾಗಿಯೇ ಉಳಿಯಿತು.

6. ಎಷ್ಟು ಓಡಾಟವಿದ್ದರೆ ಗಾಡಿ ಲಾಭ?

ಈಗ ಬಾಡಿಗೆಯೊಂದಿಗೆ ಹೋಲಿಸೋಣ. ಈ ಮನೆಗೆ ತಿಂಗಳಿಗೆ ಎರಡು ಲೋಡು ಹುಲ್ಲು, ನಾಲ್ಕು ಬಾರಿ ಮಾರುಕಟ್ಟೆಗೆ ತರಕಾರಿ, ಒಟ್ಟು ಆರು ಓಡಾಟ. ಒಂದಕ್ಕೆ ಬಾಡಿಗೆ 1,500 ರೂ. ಎಂದರೆ 9,000 ರೂ. ಇದರಲ್ಲಿ ಡ್ರೈವರೂ ಡೀಸೆಲ್ಲೂ ಸೇರಿವೆ. ಸ್ವಂತ ಗಾಡಿಯಲ್ಲಾದರೆ 18,000 ರೂ. ಜೊತೆಗೆ ಒಂದು ಓಡಾಟಕ್ಕೆ 60 ಕಿ.ಮೀ.ಗೆ 5 ಲೀಟರ್ ಡೀಸೆಲ್, 450 ರೂ.ನಂತೆ 2,700 ರೂ. ಒಟ್ಟು 20,700 ರೂ. ಬಾಡಿಗೆಗಿಂತ 11,700 ರೂ. ಹೆಚ್ಚು.

ಸ್ವಂತ ಗಾಡಿಯ ಪ್ರತಿ ಓಡಾಟದಲ್ಲಿ ಉಳಿಯುವುದು 1,500ರಲ್ಲಿ 450 ಕಳೆದು 1,050 ರೂ. 18,000ವನ್ನು 1,050ರಿಂದ ಭಾಗಿಸಿ. ತಿಂಗಳಿಗೆ 18 ಓಡಾಟ ಖಾತ್ರಿಯಿದ್ದರೆ ಗಾಡಿ ತನ್ನ ಖರ್ಚನ್ನು ತಾನೇ ದುಡಿಯುತ್ತದೆ. ಅದಕ್ಕಿಂತ ಹೆಚ್ಚಾದದ್ದು ಲಾಭ. ಮನೆಯವರು ಓಡಿಸದೆ ಡ್ರೈವರಿಗೆ ಓಡಾಟಕ್ಕೆ 400 ರೂ. ಕೊಟ್ಟರೆ ಉಳಿಯುವುದು 650 ರೂ.; ಆಗ 28 ಓಡಾಟ ಬೇಕು. ಅಂದರೆ ಹೆಚ್ಚುಕಡಿಮೆ ದಿನಕ್ಕೊಂದು.

ಇಲ್ಲಿ ‘ಖಾತ್ರಿ’ ಎಂಬ ಮಾತಿಗೆ ಗೆರೆ ಎಳೆಯಿರಿ. ಸುಗ್ಗಿಯ ತಿಂಗಳಿನ ಬಾಡಿಗೆಯನ್ನು ಹನ್ನೆರಡು ತಿಂಗಳಿಗೂ ಗುಣಿಸುವುದು ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದಂತೆ. ಒಂದೇ ಊರಿನಲ್ಲಿ ಮೂರನೆಯ, ನಾಲ್ಕನೆಯ ಪಿಕಪ್ ಬಂದಾಗ ಬಾಡಿಗೆ ದರ ತಾನಾಗಿಯೇ ಕುಸಿಯುತ್ತದೆ. ಹಾಲಿನ ಕ್ಯಾನು ಸಾಗಿಸುವ ಕೆಲಸ ಸಿಗುತ್ತದೆಂದು ನೆಚ್ಚಿ ಮೊದಲೇ ಗಾಡಿ ತರುವುದೂ ಸರಿಯಲ್ಲ. ಅಂಥ ಕೆಲಸ ಟೆಂಡರ್ ಮೂಲಕ ಹೋಗುತ್ತದೆ. ಅಲ್ಲದೆ ಹಳ್ಳಿಗಳಲ್ಲಿ ಹಾಲು ಶೀತಲೀಕರಣ ಘಟಕಗಳು ಹೆಚ್ಚಿದಂತೆ ಕ್ಯಾನುಗಳ ಬದಲು ಟ್ಯಾಂಕರ್ ಬರುತ್ತಿದೆ. ಕೆಲಸದ ಆದೇಶ ಕೈಗೆ ಬಂದ ಮೇಲೆ ಗಾಡಿ ನೋಡಿದರೂ ತಡವಾಗುವುದಿಲ್ಲ.

7. ಹಸುವಿನ ಮೇಲೆ ಬೀಳುವ ಹೊರೆ

ಕಂತು ಹೆಚ್ಚಾದ ಮನೆಯಲ್ಲಿ ಆಗುವುದು ಇದು. ಹಾಲಿನ ಬಟವಾಡೆ ಬಂದ ದಿನವೇ ಹಣ ಕಂತಿಗೆ ಹೋಗುತ್ತದೆ. ಮೊದಲಿಗೆ ಖನಿಜ ಮಿಶ್ರಣ ನಿಲ್ಲುತ್ತದೆ, ಅದು ಕಣ್ಣಿಗೆ ಕಾಣುವ ನಷ್ಟವಲ್ಲ ನೋಡಿ. ಆಮೇಲೆ ಪಶು ಆಹಾರದಲ್ಲಿ ಅರ್ಧ ಕಿಲೋ ಕಡಿಮೆಯಾಗುತ್ತದೆ. ರಾಸು ವಿಮೆಯ ನವೀಕರಣ ಮುಂದಕ್ಕೆ ಹೋಗುತ್ತದೆ. ಹಸು ಬಡವಾಗಿ ಬೆದೆಗೆ ಬರುವುದು ತಡವಾಗುತ್ತದೆ, ಕರು ಹಾಕುವ ಅಂತರ ಬೆಳೆಯುತ್ತದೆ, ವರ್ಷದ ಹಾಲು ಇಳಿಯುತ್ತದೆ. ಹಾಲು ಇಳಿದಾಗ ಕಂತು ಇನ್ನೂ ಭಾರವಾಗುತ್ತದೆ. ಕೊನೆಗೆ ಎರಡು ಕಂತು ಬಾಕಿ ಬಿದ್ದ ತಿಂಗಳು ಒಂದು ಒಳ್ಳೆಯ ಹಸು ಮಾರಾಟವಾಗುತ್ತದೆ. ಮಾರುವಾಗ ಬೆಲೆ ಬರುವುದು ಒಳ್ಳೆಯ ಹಸುವಿಗೇ.

ಗಾಡಿಯ ಬೆಲೆ ಮೊದಲ ದಿನದಿಂದ ಇಳಿಯುತ್ತಾ ಹೋಗುತ್ತದೆ. ಹಸು ಕರು ಹಾಕುತ್ತದೆ. ಇಳಿಯುವ ಆಸ್ತಿಗಾಗಿ ಬೆಳೆಯುವ ಆಸ್ತಿಯನ್ನು ಮಾರುವ ಸ್ಥಿತಿ ಬಾರದಿರಲಿ ಎಂಬುದಕ್ಕಾಗಿಯೇ ಇಷ್ಟು ಲೆಕ್ಕ.

8. ಕೊಳ್ಳದೆಯೇ ಕೆಲಸ ಸಾಗಿಸುವ ದಾರಿಗಳು

(ಅ) ಸಾಗಿಸುವ ಭಾರವನ್ನೇ ಕಡಿಮೆ ಮಾಡಿ. ಹಸಿರು ಮೇವಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಒಂದು ಟನ್ ಹಸಿರು ಮೇವನ್ನು ದೂರದಿಂದ ತಂದರೆ ನಾವು ಬಾಡಿಗೆ ಕೊಟ್ಟು ತಂದದ್ದರಲ್ಲಿ ಹೆಚ್ಚಿನದು ನೀರು. ಮನೆ ಹತ್ತಿರ ಹತ್ತು ಗುಂಟೆ ನೇಪಿಯರ್ ಹಾಕಿಕೊಂಡರೆ ಎಷ್ಟೋ ಓಡಾಟ ತಪ್ಪುತ್ತದೆ. ಒಣಹುಲ್ಲನ್ನು ಬಿಡಿಯಾಗಿ ತರುವ ಬದಲು ಯಂತ್ರದಲ್ಲಿ ಕಟ್ಟಿದ ಪೆಂಡಿಯಾಗಿ ತಂದರೆ ಒಂದೇ ಲೋಡಿನಲ್ಲಿ ಹೆಚ್ಚು ಬರುತ್ತದೆ.

(ಆ) ನಾಲ್ಕೈದು ಮನೆಯವರು ಸೇರಿ ಒಂದೇ ದಿನ ಹುಲ್ಲು ತರಿಸಿ. ಪಶು ಆಹಾರವನ್ನು ಸಂಘದ ಮೂಲಕವೇ ಪಡೆಯಿರಿ.

(ಇ) ಮನೆಯಲ್ಲಿ ಟ್ರಾಕ್ಟರ್, ಟ್ರೈಲರ್ ಇದ್ದರೆ ನಿಮ್ಮ ಹೊಲದ ಮೇವಿಗೆ ಅದೇ ಸಾಕು.

(ಈ) ಮೂರು ಮನೆ ಸೇರಿ ಒಂದು ಗಾಡಿ ಕೊಳ್ಳುವುದೂ ಉಂಟು. ಅಣ್ಣತಮ್ಮಂದಿರೇ ಆಗಿದ್ದರೂ ಯಾರ ಹೆಸರಿನಲ್ಲಿ ನೋಂದಣಿ, ಕಂತಿನ ಪಾಲು, ರಿಪೇರಿ ಯಾರದು, ಬಿಡುವವರಿಗೆ ಎಷ್ಟು ಹಣ ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳಿ.

(ಉ) ಹಳೆಯ ಗಾಡಿ: ಬೆಲೆ ಕಡಿಮೆ, ಎಚ್ಚರ ಹೆಚ್ಚು ಬೇಕು. ನೋಂದಣಿ ಪುಸ್ತಕದಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಯನ್ನು ಗಾಡಿಯ ಮೇಲಿನ ಸಂಖ್ಯೆಯೊಂದಿಗೆ ಹೋಲಿಸಿ. ಹಿಂದಿನ ಸಾಲ ತೀರಿದ ಪತ್ರ, ತೆರಿಗೆ, ವಿಮೆ, ಯೋಗ್ಯತಾ ಪತ್ರ, ಬಾಕಿ ದಂಡ ಎಲ್ಲವನ್ನೂ ನೋಡಿ. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಯೋಗ್ಯತಾ ಪತ್ರ ಪಡೆಯಬೇಕು. ಹಣ ಕೊಟ್ಟ ದಿನವೇ ಹೆಸರು ಬದಲಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿಸಿಕೊಂಡು ವರ್ಗಾವಣೆ ಮಾಡಿಸಿ. ನಿಮ್ಮ ಗುರುತಿನ ಮೆಕ್ಯಾನಿಕ್ಕಿಗೆ ತೋರಿಸದೆ ಕೊಳ್ಳಬೇಡಿ.

9. ಕೊಂಡವರು ತಿಳಿದಿರಬೇಕಾದದ್ದು

ಲೆಕ್ಕ ಹಾಕಿ, 18 ಓಡಾಟ ಖಾತ್ರಿಯಿದೆ ಎಂದು ಕೊಂಡವರಿಗೆ ಕೆಲವು ಮಾತು.

ಮಸಿ ಹಿಡಿಯುವ ಜರಡಿ ಇರುವ ಡೀಸೆಲ್ ಗಾಡಿಯನ್ನು ದಿನವೂ ಎರಡು ಮೂರು ಕಿ.ಮೀ. ಮಾತ್ರ ನಿಧಾನವಾಗಿ ಓಡಿಸಿದರೆ ಜರಡಿಯಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಆಗಾಗ್ಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿದರೆ ಆ ಮಸಿ ಬಿಸಿಗೆ ಸುಟ್ಟುಹೋಗುತ್ತದೆ. ಎಚ್ಚರಿಕೆಯ ದೀಪ ಉರಿದರೂ ಹಾಗೇ ಓಡಿಸಿದರೆ ಜರಡಿಯನ್ನೇ ಬದಲಿಸುವ ದೊಡ್ಡ ಖರ್ಚು ಬರಬಹುದು. ಮನೆಯಿಂದ ಸಂಘಕ್ಕೆ ಹಾಲು ತರಲು ಮಾತ್ರ ಗಾಡಿ ಬೇಕೆನ್ನುವವರು ಇದನ್ನು ನೆನಪಿಡಬೇಕು.

ಕೆಲವು ಗಾಡಿಗಳಿಗೆ ಹೊಗೆ ಶುದ್ಧೀಕರಣಕ್ಕಾಗಿ ಯೂರಿಯಾ ದ್ರಾವಣ ಹಾಕಬೇಕಾಗುತ್ತದೆ. ಅದು ಶುದ್ಧ ನೀರಿನಲ್ಲಿ ಶೇ. 32.5 ಶುದ್ಧ ಯೂರಿಯಾ ಸೇರಿಸಿ ತಯಾರಿಸಿದ್ದು. ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರವನ್ನು ನೀರಿನಲ್ಲಿ ಕಲಸಿ ಹಾಕುವ ಉಳಿತಾಯಕ್ಕೆ ಯಾರೂ ಹೋಗಬಾರದು. ಇಡೀ ಸಾಧನವೇ ಹಾಳಾಗುತ್ತದೆ.

ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯಿದೆಯಂತೆ ಪರ್ಮಿಟ್ ಬೇಕಿಲ್ಲ. ಮಾದರಿ ಆರಿಸುವಾಗ ಇದನ್ನು ಗಮನಿಸಿ. ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು 7,500 ಕೆ.ಜಿ. ಒಳಗಿನ ಸರಕು ವಾಹನವನ್ನು ಬೇರೆ ಅನುಮೋದನೆಯಿಲ್ಲದೆ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ನೀಡಿದೆ.

ಕೊನೆಯದಾಗಿ, ಪಿಕಪ್ ಹಿಂಬದಿಯಲ್ಲಿ ಜನರನ್ನು ಕೂರಿಸಿಕೊಂಡು ಜಾತ್ರೆಗೆ, ಮದುವೆಗೆ ಹೋಗಬೇಡಿ. ಸರಕಿನ ಜೊತೆಗೆ ಬರುವ ಸರಕಿನ ಮಾಲೀಕ ಅಥವಾ ಅವರ ಪ್ರತಿನಿಧಿಗೆ ವಿಮೆಯ ರಕ್ಷಣೆ ಇದೆಯೇ ಹೊರತು ಹೀಗೆ ಹತ್ತಿದವರಿಗಿಲ್ಲ. ಅನಾಹುತವಾದರೆ ಪರಿಹಾರದ ಹೊರೆ ಗಾಡಿಯ ಮಾಲೀಕರ ಜಮೀನಿನ ಮೇಲೇ ಬೀಳಬಹುದು. ಹೋದ ಜೀವವಂತೂ ಯಾವ ಪರಿಹಾರಕ್ಕೂ ಮರಳುವುದಿಲ್ಲ.

10. ಮನೆಯಲ್ಲಿ ಕುಳಿತು ಉತ್ತರಿಸಬೇಕಾದ ಪ್ರಶ್ನೆಗಳು

ಗಾಡಿಯ ಮಾತು ಬಂದ ದಿನ ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತುಕೊಳ್ಳಿ. ಹಾಲು ಕರೆಯುವ, ಸಗಣಿ ಬಾಚುವ, ಹಸುವಿನ ಕಷ್ಟ ಸುಖ ತಿಳಿದ ಮನೆಯ ಹೆಣ್ಣುಮಕ್ಕಳನ್ನು ಬಿಟ್ಟು ಈ ಲೆಕ್ಕ ಮಾಡಬೇಡಿ.

1. ಕಳೆದ ಹನ್ನೆರಡು ತಿಂಗಳಲ್ಲಿ ಬಾಡಿಗೆ ಗಾಡಿಗೆ ನಾವು ನಿಜವಾಗಿ ಕೊಟ್ಟ ಹಣವೆಷ್ಟು?
2. ಹಾಲಿನ ಪಾಸ್‌ಪುಸ್ತಕದ ಪ್ರಕಾರ ವರ್ಷದ ಅತಿ ಕಡಿಮೆ ಬಟವಾಡೆ ಯಾವ ತಿಂಗಳು, ಎಷ್ಟು?
3. ಆ ತಿಂಗಳಲ್ಲಿಯೂ ಮೇವು, ಪಶು ಆಹಾರ ಕಡಿಮೆ ಮಾಡದೆ ಕಂತು ಕಟ್ಟಲು ಸಾಧ್ಯವೇ?
4. ಖಾತ್ರಿಯಾದ ಓಡಾಟ ತಿಂಗಳಿಗೆ ಎಷ್ಟು? ಯಾರ ಕೆಲಸ?
5. ಗಾಡಿ ಓಡಿಸುವವರು ಯಾರು? ಅವರು ರಸ್ತೆಗೆ ಹೋದಾಗ ಕೊಟ್ಟಿಗೆ ನೋಡುವವರು ಯಾರು?
6. ಇದೇ 2,50,000 ರೂ. ಮುಂಗಡದ ಹಣದಲ್ಲಿ ಒಳ್ಳೆಯ ಹಸು, ಮೇವು ಕತ್ತರಿಸುವ ಯಂತ್ರ, ಕೊಟ್ಟಿಗೆಯ ನೆಲ ಇವು ಆಗುತ್ತಿದ್ದವೇ?

ಎರಡನೆಯ ಮತ್ತು ಮೂರನೆಯ ಪ್ರಶ್ನೆಗೆ ಸಮಾಧಾನದ ಉತ್ತರ ಸಿಕ್ಕರೆ ಧೈರ್ಯವಾಗಿ ಮುಂದುವರಿಯಿರಿ. ಸಿಗದಿದ್ದರೆ ಇನ್ನೊಂದು ವರ್ಷ ಬಾಡಿಗೆ ಗಾಡಿಯಲ್ಲೇ ಕೆಲಸ ಸಾಗಿಸಿ, ಕಂತಿನಷ್ಟೇ ಹಣವನ್ನು ತಿಂಗಳು ತಿಂಗಳು ಬ್ಯಾಂಕಿಗೆ ಕಟ್ಟಿ ನೋಡಿ. ಹನ್ನೆರಡು ತಿಂಗಳು ತಪ್ಪದೆ 12,750 ರೂ. ಕಟ್ಟಲು ಸಾಧ್ಯವಾದರೆ ನಿಮ್ಮ ಬಳಿ ಒಂದೂವರೆ ಲಕ್ಷ ಕೂಡಿರುತ್ತದೆ, ಸಾಲ ಅಷ್ಟು ಕಡಿಮೆಯಾಗುತ್ತದೆ. ಸಾಧ್ಯವಾಗದಿದ್ದರೆ ಹಸು ಮಾರದೆಯೇ ಪಾಠ ಕಲಿತಂತಾಗುತ್ತದೆ.

ಮಗನ ಆಸೆಯನ್ನು ಬೈದು ಸುಮ್ಮನಾಗಿಸಬೇಡಿ. ಊರಿನಲ್ಲೇ ಇದ್ದು ದುಡಿಯುತ್ತೇನೆ ಎನ್ನುವ ಮಗ ಮನೆಗೆ ಬಲ. ಈ ಲೇಖನವನ್ನು ಅವನ ಕೈಗೇ ಕೊಟ್ಟು, ಲೆಕ್ಕವನ್ನು ಅವನಿಂದಲೇ ಬರೆಸಿ. ಸಂಘದ ಮುಂದಿನ ಸಭೆಗೆ ಆ ನೋಟ್ ಪುಸ್ತಕದೊಂದಿಗೆ ಬಂದು ನಾಲ್ವರ ಮುಂದೆ ಇಡಲಿ. ಒಬ್ಬರ ಲೆಕ್ಕದಲ್ಲಿ ಬಿಟ್ಟುಹೋದದ್ದು ಇನ್ನೊಬ್ಬರ ಅನುಭವದಲ್ಲಿ ಸಿಗುತ್ತದೆ. ನಾವು ಸಹಕಾರಿಗಳಾಗಿರುವುದು ಹಾಲು ಅಳೆಯುವುದಕ್ಕೆ ಮಾತ್ರವಲ್ಲ ಎಂಬುದು ಇಂಥ ಹೊತ್ತಿನಲ್ಲಿಯೇ ನಮಗೆ ನೆನಪಾಗಬೇಕು.